ಗುಲಾಬಿ ಗುಡ್ಡದ ಸ್ವರ ಕಣಜ

ಚಿತ್ರಮಂದಿರದಲ್ಲಿ ಕೂತಿದ್ದೀರಿ. ನಾಯಕಿ ರೈಲು ಹತ್ತಿ ಆಯ್ತು. ನಾಯಕ ಪ್ಲಾಟ್‌ಫಾರಂ ಮೇಲೆ ಒಂಟಿಯಾಗಿ ನಿಂತಿದ್ದಾನೆ. ಹಿನ್ನೆಲೆಯಲ್ಲಿ ಮೂವತ್ತು ನಲವತ್ತು ಪಿಟೀಲುಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ. ನಿಮ್ಮ ಗಂಟಲು ಕಟ್ಟುತ್ತದೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಸರಿ, ಆ ಪಿಟೀಲು ಬಾರಿಸಿದವರು ಯಾರು?

ಯಾರೂ ಇಲ್ಲ ಎಂದರೆ ನಂಬುತ್ತೀರಾ? ಸಂಗೀತ ನಿರ್ದೇಶಕ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಕೀಬೋರ್ಡಿನ ಮೇಲೆ ನಾಲ್ಕು ಬೆರಳು ಇಟ್ಟಿದ್ದಾನೆ, ಅಷ್ಟೆ! ಆದರೆ ‘ಯಾರೂ ಇಲ್ಲ’ ಅನ್ನೋದೂ ಪೂರ್ತಿ ನಿಜವಲ್ಲ. ಯಾವುದೋ ಊರಿನಲ್ಲಿ, ಯಾವುದೋ ವರ್ಷ, ಹಾಡೂ ಇಲ್ಲದೆ, ಕಥೆಯೂ ಗೊತ್ತಿಲ್ಲದೆ, ಕೆಲವು ವಾದಕರು ಕೂತು ಒಂದೊಂದೇ ಸ್ವರವನ್ನು ನುಡಿಸಿ ಕೊಟ್ಟು ಹೋಗಿದ್ದಾರೆ. ಆ ಸ್ವರಗಳನ್ನು ಭತ್ತ ತುಂಬಿದ ಹಾಗೆ ಕಣಜದಲ್ಲಿ ತುಂಬಿಟ್ಟಿದ್ದಾರೆ. ಬೇಕಾದವರು ಬೇಕಾದಾಗ ಅಳೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಯಾಂಪಲ್ ಲೈಬ್ರರಿ’ ಅನ್ನುತ್ತಾರೆ. ನಾವು ಸ್ವರ ಕಣಜ ಅನ್ನೋಣ.

ಅಂಥ ಕಣಜಗಳಲ್ಲಿ ಹೆಸರಾದದ್ದು ಒಂದು ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿದೆ. ಅದು ಇರುವ ಜಾಗ ಹಳೆಯ ಸಿನಿಮಾ ಸ್ಟುಡಿಯೋ! ಸಿನಿಮಾ ಪತ್ರಿಕೆ ಓದುವ ನಾವು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗೋಣ, ಹೇಳಿ? ಬನ್ನಿ.

ಟ್ರಾಮ್ ಇಳಿದು, ಗುಡ್ಡ ಏರಿ

ವಿಯೆನ್ನಾ ನೋಡಲು ಹೋದವರೆಲ್ಲ ಷೋನ್‌ಬ್ರುನ್ ಅರಮನೆ ನೋಡುತ್ತಾರೆ, ಫೋಟೋ ಹೊಡೆಸಿಕೊಳ್ಳುತ್ತಾರೆ, ಕಾಫಿ ಕುಡಿದು ವಾಪಸಾಗುತ್ತಾರೆ. ಅರಮನೆ ಮುಗಿದ ಮೇಲೆ ಹೀಟ್ಸಿಂಗ್ ಎಂಬಲ್ಲಿ 60ನೇ ನಂಬರಿನ ಟ್ರಾಮ್ ಹತ್ತಿ ದಕ್ಷಿಣಕ್ಕೆ ಹೋಗುವ ಪ್ರವಾಸಿಗಳು ಕಡಿಮೆ. ನಾವು ಆ ಟ್ರಾಮೇ ಹತ್ತಬೇಕು. ಊರಿನ ಗದ್ದಲ ಹಿಂದೆ ಬೀಳುತ್ತದೆ. ಅಂಗಡಿ ಕಡಿಮೆಯಾಗಿ ತೋಟದ ಮನೆಗಳು ಬರುತ್ತವೆ. ಟ್ರಾಮ್ ಇಳಿದು ಸ್ವಲ್ಪ ಏರು ನಡೆದರೆ ರೋಸನ್‌ಹ್ಯೂಗಲ್. ಹೆಸರಿನ ಅರ್ಥ ‘ಗುಲಾಬಿ ಗುಡ್ಡ’. ಗುಡ್ಡ ಅಂದರೆ ನಮ್ಮ ನಂದಿ ಬೆಟ್ಟ, ಚಾಮುಂಡಿ ಬೆಟ್ಟ ಅಂದುಕೊಳ್ಳಬೇಡಿ. ಏರಿದ್ದೇ ಗೊತ್ತಾಗದಷ್ಟು ಸಣ್ಣ ದಿಬ್ಬ.

ಈ ದಿಬ್ಬಕ್ಕೆ ಇನ್ನೊಂದು ಹಿರಿಮೆ ಇದೆ. ನೂರು ಕಿಲೋಮೀಟರ್ ಆಚೀಚೆ ದೂರದ ಪರ್ವತಗಳ ಒರತೆ ನೀರನ್ನು ವಿಯೆನ್ನಾಕ್ಕೆ ತರುವ ಕಾಲುವೆ 1873ರಲ್ಲಿ ಮುಗಿದಾಗ, ಆ ನೀರು ಬಂದು ನಿಲ್ಲುವ ಜಲಾಶಯವನ್ನು ಕಟ್ಟಿದ್ದು ಇಲ್ಲೇ. ಎಲ್ಲೋ ಹುಟ್ಟಿದ ನೀರು ಇಲ್ಲಿ ಬಂದು ನಿಂತು, ಇಲ್ಲಿಂದ ಸಾವಿರಾರು ಮನೆಗಳ ನಲ್ಲಿಗೆ ಹೋಗುತ್ತದೆ. ನಲ್ಲಿ ತಿರುಗಿಸುವವನಿಗೆ ಒರತೆಯ ನೆನಪು ಇರುತ್ತದೆಯೇ? ಇಲ್ಲ. ಈ ಮಾತು ಸ್ವಲ್ಪ ಜ್ಞಾಪಕದಲ್ಲಿರಲಿ.

ಜಲಾಶಯದ ಗುಡ್ಡದ ಮೇಲೆಯೇ 1919ರಿಂದ 1923ರ ನಡುವೆ ‘ವೀಟಾ ಫಿಲ್ಮ್’ ಎಂಬ ಕಂಪನಿ ದೊಡ್ಡ ಸ್ಟುಡಿಯೋ ಕಟ್ಟಿತು. ಅದು ಮೂಕಿ ಚಿತ್ರಗಳ ಕಾಲ. ಮುಂದೆ ಲಂಡನ್ನಿಗೆ ಹೋಗಿ ‘ಸರ್’ ಪಟ್ಟ ಪಡೆದ ಅಲೆಕ್ಸಾಂಡರ್ ಕೋರ್ಡಾ ಇಲ್ಲಿ ‘ಸ್ಯಾಮ್ಸನ್ ಮತ್ತು ಡಿಲೈಲಾ’ ಕಥೆಯನ್ನು ಚಿತ್ರ ಮಾಡಿದ್ದ. ಹೌದು, ನಮ್ಮ ಮೈಸೂರಿನ ಸಾಬುವನ್ನು ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಯಿಸಿದ ಅದೇ ಕೋರ್ಡಾ! ಮೂಕಿ ಹೋಗಿ ಟಾಕಿ ಬಂತು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ನುಂಗಿತು. ಸ್ಟುಡಿಯೋ ಆ ಸರ್ಕಾರದ ಹಿಡಿತದ ‘ವೀನ್ ಫಿಲ್ಮ್’ ಕೈಗೆ ಹೋಯಿತು. 1945ರಲ್ಲಿ ರಷ್ಯನ್ನರು ಬಂದರು. 1950ರಲ್ಲಿ ಆಸ್ಟ್ರಿಯಾದ ಮೊದಮೊದಲ ಬಣ್ಣದ ಚಿತ್ರಗಳಲ್ಲಿ ಒಂದಾದ ‘ಡಾನ್ಯೂಬಿನ ಮಗು’ ತಯಾರಾದದ್ದು ರಷ್ಯನ್ನರ ಕಾವಲಿನಲ್ಲಿದ್ದ ಇದೇ ಸ್ಟುಡಿಯೋದಲ್ಲಿ. 1955ರಲ್ಲಿ ರಷ್ಯನ್ನರು ಹೋದರು. ಒಂದು ಸ್ಟುಡಿಯೋ ಎಷ್ಟು ಧಣಿಗಳನ್ನು ಕಾಣಬಹುದೋ ಅಷ್ಟನ್ನೂ ಇದು ಕಂಡಿತು.

ಕೊನೆಗೆ ಆದದ್ದೇನು? ನಮ್ಮ ಕಡೆ ಚಿತ್ರಮಂದಿರ, ಸ್ಟುಡಿಯೋಗಳಿಗೆ ಆದದ್ದೇ. ಜಾಗಕ್ಕೆ ಬೆಲೆ ಬಂತು. ಚಿತ್ರೀಕರಣ ನಡೆಯುತ್ತಿದ್ದ ಅಂಗಳದ ಬಹುಭಾಗ ಇವತ್ತು ಅಪಾರ್ಟ್‌ಮೆಂಟು. ಬಾಲ್ಕನಿಯಲ್ಲಿ ಹೂವಿನ ಕುಂಡ, ಕೆಳಗೆ ಮಕ್ಕಳ ಸೈಕಲ್ಲು. ಅವುಗಳ ಮಧ್ಯೆ ಒಂದು ದೊಡ್ಡ ಕಟ್ಟಡ ಹಾಗೇ ಉಳಿದಿದೆ. ಸುಮಾರು 1939ರಿಂದ 41ರ ನಡುವೆ ಚಿತ್ರಸಂಗೀತದ ಧ್ವನಿಮುದ್ರಣಕ್ಕೆಂದೇ ಕಟ್ಟಿದ ‘ಸಿಂಕ್ರಾನ್ ಹಾಲ್’ ಅದು.

ಮನೆಯೊಳಗೊಂದು ಮನೆ

ಈ ಹಾಲ್ ಕಟ್ಟಿದವರ ರಾಜಕೀಯ ಏನೇ ಇರಲಿ, ಕೆಲಸ ಮಾತ್ರ ಗಟ್ಟಿ. ಇದು ಮನೆಯೊಳಗೊಂದು ಮನೆ. ಹೊರಗಿನ ಗೋಡೆಯ ಕಂಪನ ಒಳಗಿನ ಗೋಡೆಗೆ ತಾಗದ ಹಾಗೆ ಎರಡನ್ನೂ ಬೇರೆಬೇರೆ ಮಾಡಿದ್ದಾರೆ. ಹೊರಗೆ ಲಾರಿ ಹೋದರೆ ಒಳಗಿನ ಮೈಕಿಗೆ ಗೊತ್ತಾಗಬಾರದು. ಮುಖ್ಯ ವೇದಿಕೆ 540 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 5800 ಚದರ ಅಡಿ. ನೂರು ಮಂದಿಯ ವಾದ್ಯವೃಂದ ಆರಾಮಾಗಿ ಕೂರಬಹುದು. ಆ ಕಾಲದಲ್ಲಿ ಚಿತ್ರಸಂಗೀತಕ್ಕೆಂದೇ ಕೂರಿಸಿದ ಪೈಪ್ ಆರ್ಗನ್ ಕೂಡ ಅಲ್ಲೇ ಇದೆ.

ಪಾಳು ಬೀಳಬೇಕಾಗಿದ್ದ ಈ ಹಾಲನ್ನು ಕೊಂಡು, ರಿಪೇರಿ ಮಾಡಿ, 2015ರಲ್ಲಿ ‘ಸಿಂಕ್ರಾನ್ ಸ್ಟೇಜ್ ವಿಯೆನ್ನಾ’ ಎಂದು ಬಾಗಿಲು ತೆರೆದವರು ಯಾರು? ಸಿನಿಮಾ ನಿರ್ಮಾಪಕರಲ್ಲ, ಸರ್ಕಾರವಲ್ಲ, ಸಂಗೀತ ಸಭೆಯೂ ಅಲ್ಲ. ಸ್ವರ ಮಾರುವ ಕಂಪನಿ! ಹೆಸರು ‘ವಿಯೆನ್ನಾ ಸಿಂಫೋನಿಕ್ ಲೈಬ್ರರಿ’.

ಸ್ವರವನ್ನು ಮಾರುವುದೇ? ಅದು ಹೇಗೆ? ಅದನ್ನು ತಿಳಿಯಬೇಕಾದರೆ ವಿಯೆನ್ನಾವನ್ನು ಸ್ವಲ್ಪ ಹೊತ್ತು ಬಿಟ್ಟು, ಈ ವಿದ್ಯೆ ಬೆಳೆದ ಬೇರೆ ಎರಡು ಊರು ಸುತ್ತಿ ಬರಬೇಕು.

ಎಂಟೇ ಸೆಕೆಂಡು, ಸ್ವಾಮಿ!

ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅದು ಕಬ್ಬಿಣ, ಬೋಲ್ಟು, ನಟ್ಟುಗಳ ಊರು. 1962ರಲ್ಲಿ ಬಿಲ್ ಫ್ರಾನ್ಸನ್ ಎಂಬ ಸೇಲ್ಸ್‌ಮನ್ ಅಮೆರಿಕದಿಂದ ಎರಡು ವಿಚಿತ್ರ ಪೆಟ್ಟಿಗೆ ತಂದ. ಕ್ಯಾಲಿಫೋರ್ನಿಯಾದ ಹ್ಯಾರಿ ಚೇಂಬರ್ಲಿನ್ ಮಾಡಿದ ವಾದ್ಯ ಅದು. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು. ಮನೆ ಒತ್ತಿದರೆ ಆ ಟೇಪು ಓಡಿ, ಅದರಲ್ಲಿ ಮುದ್ರಿಸಿದ ಕೊಳಲೋ ಪಿಟೀಲೋ ಕೇಳುತ್ತದೆ. ಒಂದೇ ಥರದ 70 ಟೇಪ್ ಹೆಡ್ ಮಾಡಿಕೊಡುವವರು ಬೇಕಾಗಿ ಫ್ರಾನ್ಸನ್ ಹುಡುಕುತ್ತಿದ್ದಾಗ ಸಿಕ್ಕಿದವರು ಬ್ರಾಡ್ಲಿ ಸಹೋದರರು. ಅವರು ಅದನ್ನು ಸುಧಾರಿಸಿ 1963ರಲ್ಲಿ ‘ಮೆಲೋಟ್ರಾನ್’ ಹೊರತಂದರು. ಅಮೆರಿಕದ ಮೂಲ ಧಣಿಗೂ ಇವರಿಗೂ ಆಮೇಲೆ ಜಟಾಪಟಿ ಆಯಿತು, ರಾಜಿಯೂ ಆಯಿತು.

ಅದರ ಸ್ವರಗಳನ್ನು ಲಂಡನ್ನಿನ ಐ.ಬಿ.ಸಿ. ಸ್ಟುಡಿಯೋದಲ್ಲಿ ಮುದ್ರಿಸಿದರು. ವಾದಕರು ಬಂದು ‘ಸ’ ನುಡಿಸುವುದು, ನಿಲ್ಲಿಸುವುದು. ಪಕ್ಕದ ಸ್ವರ ನುಡಿಸುವುದು, ನಿಲ್ಲಿಸುವುದು. ಟೇಪು ಓಡುವುದು ಸುಮಾರು ಎಂಟೇ ಸೆಕೆಂಡು! ಬೆರಳು ಎತ್ತಿದರೆ ಟೇಪು ಹಿಂದಕ್ಕೆ ಓಡಿ ಮೊದಲ ಜಾಗಕ್ಕೆ ಬರುತ್ತದೆ. ಎಂಟು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಮೌನ. ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ 1967ರ ಹಾಡಿನ ಆರಂಭದಲ್ಲಿ ಕೇಳುವ ಕೊಳಲು ಈ ಟೇಪಿನ ಕೊಳಲೇ. ಕೋಟಿಗಟ್ಟಲೆ ಜನ ಆ ಕೊಳಲು ಕೇಳಿದ್ದಾರೆ. ಊದಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಎರಡನೆಯ ಊರು ಆಸ್ಟ್ರೇಲಿಯಾದ ಸಿಡ್ನಿ. 1975ರಲ್ಲಿ ಪೀಟರ್ ವೋಗೆಲ್, ಕಿಮ್ ರೈರಿ ಎಂಬ ಇಬ್ಬರು ಗೆಳೆಯರು ಕಂಪ್ಯೂಟರಿನಿಂದ ವಾದ್ಯದ ಧ್ವನಿ ಹುಟ್ಟಿಸಲು ಹೊರಟರು. ಕಂಪನಿಗೆ ಇಟ್ಟ ಹೆಸರು ‘ಫೇರ್‌ಲೈಟ್’. ರೈರಿಯ ಅಜ್ಜಿಯ ಮನೆಯ ಮುಂದೆ ನೀರಿನಲ್ಲಿ ಓಡಾಡುತ್ತಿದ್ದ ದೋಣಿಯ ಹೆಸರು ಅದು! ಲೆಕ್ಕ ಹಾಕಿ ಧ್ವನಿ ಹುಟ್ಟಿಸಲು ಒದ್ದಾಡಿದರು, ಸರಿಯಾಗಲಿಲ್ಲ. ಕೊನೆಗೆ ವೋಗೆಲ್ ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋದ ಒಂದು ಚೂರನ್ನು ಕಂಪ್ಯೂಟರಿಗೆ ತುಂಬಿ, ಅದನ್ನೇ ಮೇಲೆ ಕೆಳಗೆ ಶ್ರುತಿ ಬದಲಿಸಿ ನುಡಿಸಿ ನೋಡಿದ. ತಾವು ಇಷ್ಟು ವರ್ಷ ಹುಟ್ಟಿಸಲು ಒದ್ದಾಡಿದ್ದಕ್ಕಿಂತ ಅದೇ ಚೆನ್ನಾಗಿತ್ತು. ‘ಸ್ಯಾಂಪಲ್’ ಎಂಬ ಮಾತು ಈ ಅರ್ಥದಲ್ಲಿ ಬಳಕೆಗೆ ಬಂದದ್ದೇ ಇವರಿಂದ ಎನ್ನುತ್ತಾರೆ.

1979ರಲ್ಲಿ ಹೊರಬಂದ ಆ ಯಂತ್ರದ ಬೆಲೆ ಒಂದು ಮನೆಯ ಬೆಲೆ. ಒಂದು ಧ್ವನಿಗೆ ಅದರಲ್ಲಿ ಇದ್ದ ಜಾಗ ಹದಿನಾರೇ ಕಿಲೋಬೈಟು! ಇವತ್ತು ನೀವು ಮೊಬೈಲಿನಲ್ಲಿ ಹೊಡೆಯುವ ಒಂದು ಫೋಟೋ ಅದರ ನೂರಾರು ಪಟ್ಟು ದೊಡ್ಡದು. ಒಂದು ಸೆಕೆಂಡು ಆಚೀಚೆ ಮಾತ್ರ ಹಿಡಿಸುತ್ತಿತ್ತು. ಹಾಗಿದ್ದರೂ ಅದರ ಜೊತೆ ಕೊಡುತ್ತಿದ್ದ ಎಂಟು ಇಂಚಿನ ಫ್ಲಾಪಿಗಳು ಲೋಕ ಸುತ್ತಿದವು. ಒಂದು ಫ್ಲಾಪಿಯಲ್ಲಿ ‘ಆರ್ಕ್ 5’ ಎಂಬ ಹೆಸರಿನ ಒಂದು ಧ್ವನಿ ಇತ್ತು. ಇಡೀ ವಾದ್ಯವೃಂದ ಒಮ್ಮೆಲೇ ‘ಧಡ್’ ಎಂದು ನುಡಿಸಿದ್ದು. ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ ಕೃತಿಯ ಒಂದು ರೆಕಾರ್ಡಿನಿಂದ ಕಿತ್ತು ತಂದ ಚೂರು. 1982ರಲ್ಲಿ ‘ಪ್ಲಾನೆಟ್ ರಾಕ್’ ಎಂಬ ನ್ಯೂಯಾರ್ಕಿನ ಹಾಡಿನಲ್ಲಿ ಅದು ಬಂತು, ಆಮೇಲೆ ಎಷ್ಟೋ ಹಾಡುಗಳಲ್ಲಿ ಬಂತು. ಆ ಒಂದು ‘ಧಡ್’ಗೆ ಬಿಲ್ಲು ಎಳೆದ, ತುತ್ತೂರಿ ಊದಿದ ಮಂದಿಗೆ ಅದರ ಸುದ್ದಿಯೂ ಇಲ್ಲ, ಸಂಭಾವನೆಯೂ ಇಲ್ಲ. ಹೀಗೆ ಕಣಜ ತುಂಬುವ ಕೆಲಸದಲ್ಲಿ ಮೊದಲಿನಿಂದಲೂ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಇತ್ತು: ಸ್ವರ ಯಾರದು?

ಚೆಲೋ ವಾದಕನ ಹಠ

ಈಗ ವಿಯೆನ್ನಾಕ್ಕೆ ವಾಪಸು ಬರೋಣ. ಹರ್ಬ್ ತುಕ್‌ಮಾಂಡ್ಲ್ ಎಂಬ ಚೆಲೋ ವಾದಕ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಎಂಬ ಜಗದ್ವಿಖ್ಯಾತ ವಾದ್ಯವೃಂದದಲ್ಲಿ ಬದಲಿ ವಾದಕನಾಗಿ ಕೂತವನು. ಆಮೇಲೆ ಕ್ಯಾಮೆರಾ ಹಿಡಿದ, ಚಿತ್ರಗಳಿಗೆ ಸಂಗೀತ ಕೊಡಲು ಹೊರಟ. ದೊಡ್ಡ ವಾದ್ಯವೃಂದ ಕರೆಸಲು ದುಡ್ಡು ಯಾರು ಕೊಡಬೇಕು? ಯಂತ್ರದ ಸ್ವರಗಳನ್ನು ಬಳಸಿ ನೋಡಿದರೆ, ಚೆಲೋ ಹಿಡಿದ ಕಿವಿಗೆ ಅದು ಸಹಿಸಲಸಾಧ್ಯ. ‘ಹಾಗಾದರೆ ನಾನೇ ಮಾಡುತ್ತೇನೆ’ ಎಂದು 2000ದಲ್ಲಿ ಕಂಪನಿ ಕಟ್ಟಿದ. ವಿಯೆನ್ನಾದ ದಕ್ಷಿಣಕ್ಕಿರುವ ಎಬ್‌ರೈಕ್ಸ್‌ಡಾರ್ಫ್‌ನಲ್ಲಿ ‘ಸೈಲೆಂಟ್ ಸ್ಟೇಜ್’ ಎಂದು ಒಂದು ಮುದ್ರಣ ಶಾಲೆ ಕಟ್ಟಿಸಿದ. ಹೆಸರೇ ಹೇಳುವಂತೆ ಮೌನದ ಮನೆ. ಅಲ್ಲಿ ಪ್ರತಿಧ್ವನಿಯ ಒನಪಿಲ್ಲ, ವಯ್ಯಾರವಿಲ್ಲ. ವಾದ್ಯದ ಬರೀ ಧ್ವನಿ ಮಾತ್ರ.

ಅವನಿಗೆ ಹೊಳೆದ ಮುಖ್ಯ ವಿಚಾರ ಏನು ಗೊತ್ತೇ? ಹಳೆಯ ಕಣಜಗಳಲ್ಲಿ ಸ್ವರ ಇತ್ತು, ಆದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಇರಲಿಲ್ಲ. ಮನುಷ್ಯ ‘ಸ’ದಿಂದ ‘ಗ’ಕ್ಕೆ ಹೋಗುವಾಗ ಹಾರಿ ಹೋಗುವುದಿಲ್ಲ. ಬೆರಳು ಜಾರುತ್ತದೆ, ಉಸಿರು ತಿರುಗುತ್ತದೆ, ಬಿಲ್ಲು ಒಂದು ಕ್ಷಣ ತಡವರಿಸುತ್ತದೆ. ಆ ಕ್ಷಣದಲ್ಲೇ ಸಂಗೀತ ಇರುವುದು! ಆದ್ದರಿಂದ ಸ್ವರಗಳನ್ನು ಮಾತ್ರವಲ್ಲ, ಸ್ವರಗಳ ನಡುವಿನ ದಾರಿಯನ್ನೂ ಮುದ್ರಿಸಬೇಕು ಎಂದು ಅವನು ಹಠ ಹಿಡಿದ.

ಹಠ ಹಿಡಿಯುವುದು ಸುಲಭ. ಲೆಕ್ಕ ನೋಡಿ. ಒಂದು ವಾದ್ಯಕ್ಕೆ ಮೂರು ಸ್ಥಾಯಿ ಅಂದರೆ 36 ಸ್ವರಸ್ಥಾನ. ಪ್ರತಿಯೊಂದರಿಂದ ಮೇಲಕ್ಕೆ 12 ದಾರಿ, ಕೆಳಕ್ಕೆ 12 ದಾರಿ. ಅಲ್ಲಿಗೆ 864. ತುದಿಗಳಲ್ಲಿ ಸ್ವಲ್ಪ ಬಿಟ್ಟುಹೋಗುತ್ತದೆ ಅನ್ನಿ. ಇದನ್ನೇ ಮೆಲ್ಲಗೆ, ಮಧ್ಯಮ, ಜೋರು ಎಂದು ಮೂರು ಸಾರಿ ನುಡಿಸಿದರೆ ಎರಡೂವರೆ ಸಾವಿರ! ಇದು ಒಂದೇ ವಾದ್ಯದ, ಒಂದೇ ಶೈಲಿಯ ಲೆಕ್ಕ. ಮೊಟಕಾಗಿ ಹೊಡೆಯುವುದು ಬೇರೆ, ನಡುಗಿಸುವುದು ಬೇರೆ, ಬೆರಳಿನಿಂದ ಮೀಟುವುದು ಬೇರೆ. ವಿಯೆನ್ನಾದವರಿಗೆ ತಮ್ಮದೇ ಆದ ಕೊಂಬು, ತಮ್ಮದೇ ಓಬೋ ಬೇರೆ ಇವೆ. ಎಲ್ಲ ಸೇರಿ ಲಕ್ಷಗಳ ಲೆಕ್ಕ ಆಗುವುದರಲ್ಲಿ ಆಶ್ಚರ್ಯವೇನು?

ಒಂದು ದಿನದ ಕಾಲ್‌ಷೀಟು

ಸ್ವರ ಮುದ್ರಣದ ಕಾಲ್‌ಷೀಟು ಹೇಗಿರುತ್ತದೆ? ಹಾಡಿನ ರೆಕಾರ್ಡಿಂಗ್ ಆದರೆ ಪಲ್ಲವಿ ಇದೆ, ಚರಣ ಇದೆ, ಟೇಕ್ ಓಕೆ ಆದರೆ ಚಪ್ಪಾಳೆ ಇದೆ. ಇಲ್ಲಿ ಏನೂ ಇಲ್ಲ. ಒಂದು ಸ್ವರ. ಅದು ಪೂರ್ತಿ ಸಾಯುವ ತನಕ ಅಲ್ಲಾಡದೆ ಕೂರಬೇಕು. ಮತ್ತೊಂದು ಸ್ವರ. ಮತ್ತೆ ಕಾಯುವುದು. ಕುರ್ಚಿ ಕಿರ್ ಅಂದರೆ ಇನ್ನೊಂದು ಸಲ. ಯಾರದೋ ಹೊಟ್ಟೆ ಗುರ್ ಅಂದರೆ ಇನ್ನೊಂದು ಸಲ. ಬೆಳಗ್ಗೆ ನುಡಿಸಿದ ‘ಮೆಲ್ಲಗೆ’ಯೂ ಸಂಜೆ ನುಡಿಸಿದ ‘ಮೆಲ್ಲಗೆ’ಯೂ ಒಂದೇ ತೂಕ ಇರಬೇಕು. ಸುಸ್ತಾಗಿದೆ ಅಂತ ಸ್ವರ ಹೇಳಿಬಿಟ್ಟರೆ ಕೆಟ್ಟಿತು. ಒಬ್ಬ ಒಳ್ಳೆಯ ವಾದಕನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇದೆಯೋ ಇಲ್ಲವೋ!

ಒಂದೇ ಸ್ವರವನ್ನು ನಾಲ್ಕೈದು ಸಾರಿ ನುಡಿಸಿಕೊಳ್ಳುವುದೂ ಉಂಟು. ಯಾಕೆ? ಮನುಷ್ಯ ಒಂದೇ ಸ್ವರವನ್ನು ನಾಲ್ಕು ಸಲ ಬಾರಿಸಿದರೆ ನಾಲ್ಕೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಯಂತ್ರ ಅದೊಂದನ್ನೇ ನಾಲ್ಕು ಸಲ ಒದರಿದರೆ ಮೆಷಿನ್ ಗನ್ ಹಾರಿದ ಹಾಗೆ ಕೇಳಿಸುತ್ತದೆ. ಆದ್ದರಿಂದ ಸರದಿಯ ಮೇಲೆ ಬೇರೆಬೇರೆ ಟೇಕುಗಳನ್ನು ಬಿಡುತ್ತಾರೆ. ಮನುಷ್ಯನ ಆ ಸಣ್ಣ ಏರುಪೇರನ್ನೂ ದುಡ್ಡು ಕೊಟ್ಟು ಕೊಂಡು ಕಣಜಕ್ಕೆ ಹಾಕಬೇಕು, ನೋಡಿ!

ಇದಕ್ಕೆ ಉಲ್ಟಾ ಆದದ್ದೂ ಇದೆ. ವಿಯೆನ್ನಾದ್ದೇ ಹೆಮ್ಮೆಯ ಪಿಯಾನೋ ಕಂಪನಿ ಬೋಸೆನ್‌ಡೋರ್ಫರ್. 1828ರಿಂದ ಇರುವುದು. ಅವರ ‘ಇಂಪೀರಿಯಲ್’ ಪಿಯಾನೋಗೆ ಎಲ್ಲರ ಹಾಗೆ 88 ಮನೆಯಲ್ಲ, 97 ಮನೆ. ಅದನ್ನು ಮುದ್ರಿಸುವಾಗ ಒಂದೊಂದು ಮನೆಯನ್ನೂ ನೂರರವರೆಗೆ ಬೇರೆಬೇರೆ ತೂಕದಲ್ಲಿ ಒತ್ತಿಸಬೇಕೆಂದು ಯೋಚಿಸಿದರು. ಯಾವ ಮನುಷ್ಯನ ಬೆರಳಿಗೆ ನೂರು ತೂಕ ಗೊತ್ತು? ಆ ಕೆಲಸಕ್ಕೆ ಪಿಯಾನೋದ ಒಳಗೇ ಕೂರುವ, ತಾನೇ ಮನೆ ಒತ್ತುವ ಯಂತ್ರ ಇಟ್ಟರು. ಅಂದರೆ ಯಂತ್ರಕ್ಕಾಗಿ ಯಂತ್ರವೇ ನುಡಿಸಿತು.

ಮುದ್ರಿಸಿದ್ದು ಅರ್ಧ ಕೆಲಸ. ಮಿಕ್ಕ ಅರ್ಧ ಗುಮಾಸ್ತೆಯದು. ಪ್ರತಿ ತುಂಡಿಗೂ ಹೆಸರು ಕೊಡಬೇಕು. ವಾದ್ಯ ಯಾವುದು, ಶೈಲಿ ಯಾವುದು, ಸ್ವರ ಯಾವುದು, ತೂಕ ಎಷ್ಟು, ಎಷ್ಟನೆಯ ಟೇಕು, ಯಾವ ಮೈಕು. ತಲೆ ಕತ್ತರಿಸಬೇಕು, ಬಾಲ ನೇವರಿಸಬೇಕು. ತಲೆಯನ್ನು ಕೂದಲಷ್ಟು ಹೆಚ್ಚು ಕತ್ತರಿಸಿದರೆ ಬಿಲ್ಲಿನ ಕಚ್ಚು ಹೋಯಿತು. ಕಡಿಮೆ ಕತ್ತರಿಸಿದರೆ ಕೀಬೋರ್ಡು ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ಆಮೇಲೆ 1983ರಲ್ಲಿ ಎಲ್ಲ ಕಂಪನಿಗಳೂ ಒಪ್ಪಿಕೊಂಡ ‘ಮಿಡಿ’ ಎಂಬ ಭಾಷೆ ಇದೆ. ಅದರಲ್ಲಿ ಬೆರಳಿನ ಒತ್ತಡಕ್ಕೆ 1ರಿಂದ 127ರವರೆಗೆ ನಂಬರು. ಯಾವ ನಂಬರಿನ ತನಕ ‘ಮೆಲ್ಲಗೆ’, ಎಲ್ಲಿಂದ ‘ಜೋರು’ ಎಂದು ಗೆರೆ ಎಳೆಯಬೇಕು. ಲಕ್ಷ ತುಂಡುಗಳಲ್ಲಿ ಒಂದೇ ಒಂದಕ್ಕೆ ತಪ್ಪು ಹೆಸರು ಬಿದ್ದರೂ, ಎಂದೋ ಒಂದು ರಾತ್ರಿ, ಎಲ್ಲೋ ಒಬ್ಬ ಸಂಗೀತ ನಿರ್ದೇಶಕ ಶೋಕದ ದೃಶ್ಯಕ್ಕೆ ಕೈ ಇಟ್ಟಾಗ ಅಪಸ್ವರ ಕಿರುಚುತ್ತದೆ. ನಮ್ಮ ಹಳ್ಳಿ ಕಿರಾಣಿ ಅಂಗಡಿಯ ಶೆಟ್ಟರು ಕತ್ತಲಲ್ಲೂ ಸರಿಯಾದ ಡಬ್ಬಕ್ಕೆ ಕೈ ಹಾಕುತ್ತಾರಲ್ಲ, ಅಂಥ ಶಿಸ್ತು ಬೇಕು.

ಗುಲಾಬಿ ಗುಡ್ಡದ ಹಾಲ್ ಸಿಕ್ಕ ಮೇಲೆ ಕೆಲಸದ ರೀತಿಯೂ ಬದಲಾಯಿತು. ಮೌನದ ಮನೆಯಲ್ಲಿ ಒಣ ಸ್ವರ ಹಿಡಿಯುತ್ತಿದ್ದವರು, ಇಲ್ಲಿ ಹತ್ತಿರ ಒಂದು ಮೈಕು, ದೂರ ಒಂದು ಮೈಕು, ಎತ್ತರದಲ್ಲಿ ಇನ್ನಷ್ಟು ಮೈಕು ಇಟ್ಟು, ಎಂಬತ್ತು ವರ್ಷದ ಹಳೆಯ ಹಾಲಿನ ಉಸಿರನ್ನೂ ಸ್ವರದ ಜೊತೆ ಹಿಡಿಯತೊಡಗಿದರು. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಹತ್ತಡಿ ಕೋಣೆಯಲ್ಲಿ ಕೂತ ಹುಡುಗ ಇವತ್ತು ಆ ಕಣಜ ಕೊಂಡುಕೊಂಡರೆ, ಅವನು ಪಿಟೀಲನ್ನು ಮಾತ್ರ ಕೊಂಡಂತಲ್ಲ. ಗುಲಾಬಿ ಗುಡ್ಡದ ಆ ಹಾಲನ್ನೂ ಚೂರು ಕೊಂಡ ಹಾಗೆ.

ಅನ್ನದ ಪ್ರಶ್ನೆ

ಇಷ್ಟೆಲ್ಲ ಕೇಳಿ ‘ಭಲೇ’ ಎಂದಿರಿ. ಈಗ ಇನ್ನೊಂದು ಮಗ್ಗುಲು ನೋಡಿ.

1982ರ ಲಂಡನ್. ಅಲ್ಲಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆ, ಸಿಂಥಸೈಜರ್, ಡ್ರಮ್ ಯಂತ್ರಗಳನ್ನು ನಿಷೇಧಿಸಬೇಕು ಎಂದು ಠರಾವು ಮಾಡಿತು. ಬ್ಯಾರಿ ಮ್ಯಾನಿಲೋ ಎಂಬ ಅಮೆರಿಕದ ಗಾಯಕ ತನ್ನ ಪ್ರವಾಸದಲ್ಲಿ ವಾದ್ಯವೃಂದದ ಬದಲು ಸಿಂಥಸೈಜರ್ ಕೂರಿಸಿದ್ದು ಸಿಟ್ಟಿಗೆ ಕಾರಣ. ಇಡೀ ಸಂಘ ಅದನ್ನು ಒಪ್ಪಲಿಲ್ಲ, ನಿಷೇಧ ಬರಲೂ ಇಲ್ಲ. ಪೇಪರಿನವರು ನಕ್ಕರು. ಆದರೆ ಪಿಟೀಲು ಪೆಟ್ಟಿಗೆ ಹಿಡಿದು ಬಸ್ಸು ಹತ್ತುವ ಮನುಷ್ಯನಿಗೆ ಅದು ನಗುವ ವಿಷಯವೇ?

ನಮ್ಮವರನ್ನೇ ನೆನೆಯಿರಿ. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ ಅವರ ಕಾಲದಲ್ಲಿ ಕನ್ನಡ ಹಾಡುಗಳ ಧ್ವನಿಮುದ್ರಣ ಹೆಚ್ಚಾಗಿ ಮದರಾಸಿನಲ್ಲಿ. ಹಾಡೊಂದಕ್ಕೆ ಸಾಲುಸಾಲು ಪಿಟೀಲು, ಚೆಲೋ, ಕೊಳಲು. ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಅಂದಂದಿನ ಕಾಲ್‌ಷೀಟಿನ ದುಡ್ಡಿನಲ್ಲಿ ಕೋಡಂಬಾಕದ ಸುತ್ತ ಎಷ್ಟೋ ಸಂಸಾರಗಳು ನಡೆದವು. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ ಬಂದಾಗ ಕನ್ನಡದ ಕಿವಿ ಹೊಸ ನಾದಕ್ಕೆ ಕುಣಿಯಿತು, ತಪ್ಪೇನಿಲ್ಲ. ಕಾಲ ಬದಲಾಗುತ್ತಿತ್ತು. ತೊಂಬತ್ತರ ದಶಕ ಕಳೆಯುವ ಹೊತ್ತಿಗೆ ಕೀಬೋರ್ಡು ಎಲ್ಲ ಕಡೆ ಕೂತಿತು, ಪಿಟೀಲಿನ ಸಾಲು ಸಣ್ಣದಾಗುತ್ತ ಹೋಯಿತು. ಕರೆ ಬರುವುದು ಕಡಿಮೆಯಾದವರಲ್ಲಿ ಕೆಲವರು ಪಾಠ ಹೇಳಿಕೊಡಲು ಹೋದರು, ಕೆಲವರು ಪಿಟೀಲು ಬಿಟ್ಟರು. ಅವರ ಹೆಸರು ರೆಕಾರ್ಡಿನ ಕವರಿನ ಮೇಲೆ ಮೊದಲೂ ಇರಲಿಲ್ಲ.

ಕಣಜಕ್ಕೆ ಸ್ವರ ಕೊಡುವ ವಾದಕ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಾನೆಯೇ? ಈ ಪ್ರಶ್ನೆಗೆ ಲಂಡನ್ನಿನಲ್ಲಿ ಒಂದು ಉತ್ತರ ಹುಡುಕಿದರು. 2007ರಲ್ಲಿ ಶುರುವಾದ ‘ಸ್ಪಿಟ್‌ಫೈರ್ ಆಡಿಯೋ’ ಎಂಬ ಕಂಪನಿ, ಸ್ವರ ಕೊಟ್ಟ ವಾದಕರಿಗೆ ರಾಯಲ್ಟಿ ಕೊಡುವ ಪದ್ಧತಿಯನ್ನು ಹೆಮ್ಮೆಯಿಂದ ಹೇಳಿಕೊಂಡಿತು. ಒಂದು ದಿನದ ಕೂಲಿಯಲ್ಲ, ಮಾರಾಟದಲ್ಲಿ ಪಾಲು. ಹೊಲ ಕೊಟ್ಟವನಿಗೆ ಬೆಳೆಯಲ್ಲಿ ಭಾಗ ಇದ್ದ ಹಾಗೆ. ನ್ಯಾಯ ಅಂದರೆ ಅದೇ ಅಲ್ಲವೇ?

ವಿಯೆನ್ನಾದಲ್ಲಿ ಸಿಕ್ಕ ಉತ್ತರ ಬೇರೆ. ಅದೇ ಈ ಗುಡ್ಡದ ಸೋಜಿಗ. ವಾದ್ಯವೃಂದವನ್ನು ಮನೆಗೆ ಕಳಿಸುತ್ತದೆ ಎಂದು ಎಲ್ಲರೂ ಹೆದರಿದ ವಿದ್ಯೆ ದುಡ್ಡು ತಂದಿತು. ಆ ದುಡ್ಡಿನಿಂದ ವಾದ್ಯವೃಂದಕ್ಕೇ ಕಟ್ಟಿದ್ದ ಹಳೆಯ ಹಾಲ್ ಉಳಿಯಿತು! ಇವತ್ತು ಆ ಹಾಲಿನಲ್ಲಿ ಕೆಲವು ದಿನ ಕಣಜ ತುಂಬುವ ಕೆಲಸ. ಮಿಕ್ಕ ದಿನ ನಿಜವಾದ ವಾದ್ಯವೃಂದ ಕೂತು ನಿಜವಾದ ಚಿತ್ರಗಳಿಗೆ ಹಿನ್ನೆಲೆ ಸಂಗೀತ ನುಡಿಸುತ್ತದೆ. ಹಾಲಿವುಡ್ಡಿನವರೂ ಬರುತ್ತಾರೆ. ದೊಡ್ಡ ಚಿತ್ರಗಳ ಸಂಗೀತ ನಿರ್ದೇಶಕ ಮೊದಲು ಕಣಜದ ಸ್ವರದಲ್ಲಿ ಮಾದರಿ ಮಾಡಿ ನಿರ್ದೇಶಕನಿಗೆ ಕೇಳಿಸುತ್ತಾನೆ. ‘ಇದೇ ಇರಲಿ’ ಎಂದ ಮೇಲೆ ಜೀವಂತ ವಾದಕರ ಮುಂದೆ ಹಾಳೆ ಇಡುತ್ತಾರೆ. ಮಾದರಿ ಎಷ್ಟೇ ಚೆನ್ನಾಗಿರಲಿ, ದುಡ್ಡಿದ್ದವನು ಕೊನೆಗೆ ಮನುಷ್ಯನನ್ನೇ ಕರೆಯುತ್ತಾನೆ. ದುಡ್ಡಿಲ್ಲದವನು ಮಾದರಿಯನ್ನೇ ಚಿತ್ರಕ್ಕೆ ಹಾಕುತ್ತಾನೆ. ನಮ್ಮ ಗಾಂಧಿನಗರದ ಸಣ್ಣ ನಿರ್ಮಾಪಕನನ್ನು ಇದಕ್ಕೆ ದೂರಿ ಪ್ರಯೋಜನವಿಲ್ಲ. ಕಣಜ ಇಲ್ಲದಿದ್ದರೆ ಅವನ ಚಿತ್ರಕ್ಕೆ ಮೂವತ್ತು ಪಿಟೀಲು ಕನಸಿನಲ್ಲೂ ಬರುತ್ತಿರಲಿಲ್ಲ.

ತಂಬೂರಿ ಸಿಕ್ಕಿತು, ತೋಡಿ ಸಿಗಲಿಲ್ಲ

ಸ್ವರಗಳ ನಡುವಿನ ದಾರಿ ಎಂದಾಗಲೇ ನಮ್ಮ ಸಂಗೀತ ಬಲ್ಲವರು ಮುಗುಳುನಕ್ಕಿರಬೇಕು. ‘ಅದಕ್ಕೆ ನಾವು ಗಮಕ ಅನ್ನುತ್ತೇವಯ್ಯಾ’ ಅಂತ. ನಿಜ. ವಿಯೆನ್ನಾದ 864 ದಾರಿಗಳೂ ಒಂದು ಸ್ವರಸ್ಥಾನದಿಂದ ಹೊರಟು ಇನ್ನೊಂದು ಸ್ವರಸ್ಥಾನಕ್ಕೆ ಮುಟ್ಟುವ ದಾರಿ. ತೋಡಿಯ ಗಾಂಧಾರ ಹಾಗೆ ಎಲ್ಲೂ ಮುಟ್ಟಿ ನಿಲ್ಲುವುದೇ ಇಲ್ಲ. ತೂಗಾಡುವುದೇ ಅದರ ಮನೆ. ವೀಣೆಯ ತಂತಿಯನ್ನು ಎಷ್ಟು ಎಳೆಯಬೇಕು ಎಂಬುದು ಮುಂದೆ ಬರುವ ಸ್ವರದ ಮೇಲೆ, ರಾಗದ ಮೇಲೆ, ಆವತ್ತಿನ ಮನಸ್ಸಿನ ಮೇಲೆ ಹೋಗುತ್ತದೆ. ಅದಕ್ಕೆ ಯಾವ ಡಬ್ಬ, ಯಾವ ಚೀಟಿ?

ಹಾಗಂತ ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿದ್ದ ಇಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಪ್ಪತ್ತರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ‘ರಾಡೆಲ್’ ಪೆಟ್ಟಿಗೆ ಇಲ್ಲದ ಸಂಗೀತ ಪಾಠದ ಮನೆ ಅಪರೂಪ. ಸರ್ಕ್ಯೂಟಿನಿಂದ ಹುಟ್ಟಿಸಿದ ನಾದದ ಕಾಲ ದಾಟಿ, ಈಗ ಮೊಬೈಲಿನಲ್ಲೇ ನಿಜ ತಂಬೂರಿಯಿಂದ ಮುದ್ರಿಸಿಕೊಂಡ ನಾದ ಸಿಗುತ್ತದೆ. ತಂಬೂರಿ ಯಂತ್ರಕ್ಕೆ ಮೊದಲು ಸಿಕ್ಕಿಬಿದ್ದದ್ದು ಯಾಕೆ? ನಾಲ್ಕು ತಂತಿ, ಅದೇ ಕ್ರಮ, ಅದೇ ನಾದ. ದಾರಿ ಇಲ್ಲ, ನಿಂತ ನೀರು. ವೇದಿಕೆಯ ಹಿಂದೆ ಕೂತು ತಂಬೂರಿ ಮೀಟುತ್ತಲೇ ಗುರುವಿನ ಗಮಕ ಕದಿಯುತ್ತಿದ್ದ ಶಿಷ್ಯನ ಜಾಗ ಮಾತ್ರ ಖಾಲಿಯಾಯಿತು. ಪೆಟ್ಟಿಗೆ ನಾದ ಕೊಡುತ್ತದೆ, ಶಿಷ್ಯನಾಗುವುದಿಲ್ಲ.

ಪರದೆಯ ಮೇಲೆ ಹೆಸರು

ಗುಡ್ಡ ಇಳಿಯುವ ಮುಂಚೆ ಆ ಜಲಾಶಯವನ್ನು ಇನ್ನೊಮ್ಮೆ ನೆನೆಯಿರಿ. ನೀರು ನಲ್ಲಿಯಲ್ಲಿ ಹುಟ್ಟುವುದಿಲ್ಲ. ಸ್ವರವೂ ಕೀಬೋರ್ಡಿನಲ್ಲಿ ಹುಟ್ಟುವುದಿಲ್ಲ. ಎಷ್ಟು ಲಕ್ಷ ತುಂಡು ಕೂಡಿಟ್ಟರೂ ಪ್ರತಿ ತುಂಡಿನ ಹಿಂದೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಕೂತಿದ್ದಾನೆ. ಇವತ್ತು ಕಂಪ್ಯೂಟರಿಗೆ ಬರೀ ಮಾತಿನಲ್ಲಿ ಹೇಳಿದರೆ ಹಾಡನ್ನೇ ಹೆಣೆದುಕೊಡುವ ಯಂತ್ರಗಳೂ ಬಂದಿವೆ. ಅವೂ ಮನುಷ್ಯರು ಮೊದಲೇ ನುಡಿಸಿಟ್ಟದ್ದನ್ನು ಕೇಳಿ ಕೇಳಿ ಕಲಿತವೇ. ಬರ್ಮಿಂಗ್‌ಹ್ಯಾಮಿನ ಟೇಪು, ಸಿಡ್ನಿಯ ಫ್ಲಾಪಿ, ವಿಯೆನ್ನಾದ ಕಣಜ ಕೇಳಿದ ಪ್ರಶ್ನೆಯನ್ನೇ ಅವೂ ಕೇಳುತ್ತಿವೆ: ಸ್ವರ ಯಾರದು?

ಚಿತ್ರ ಮುಗಿದು ಹೆಸರುಗಳು ಓಡುವಾಗ ನಾವೆಲ್ಲ ಚಪ್ಪಲಿ ಹುಡುಕುತ್ತ ಎದ್ದು ಬಿಡುತ್ತೇವೆ. ಲೈಟ್ ಬಾಯ್ ಹೆಸರಿದೆ, ಊಟ ಬಡಿಸಿದವರ ಹೆಸರಿದೆ. ಇರಬೇಕಾದ್ದೇ. ಪಿಟೀಲಿಗೆ ಬಿಲ್ಲು ಎಳೆದವರ ಹೆಸರೂ ಒಂದು ಸಾಲು ಬಂದರೆ ಪರದೆ ಹರಿದು ಹೋಗುತ್ತದೆಯೇ? ನಮ್ಮ ಗಾಂಧಿನಗರದವರು ಆ ಒಂದು ಸಾಲು ಹಾಕಲಿ. ಓದಲು ನಾವೂ ಎರಡು ನಿಮಿಷ ಹೆಚ್ಚಿಗೆ ಕೂರೋಣ. ಏನಂತೀರಿ?